ರೋಲಿಂಗ್ ಮಿಷನ್: 2000×6 ಪಿರಮಿಡ್ ತಗೊಳ್ಳೋದಾ, 1550×5 ಪಿಂಚ್ ತಗೊಳ್ಳೋದಾ? (ಮಂಡ್ಯ)

ತೂಬಿನಕೆರೆ ಶೆಡ್

ನಮಸ್ಕಾರ. ತೂಬಿನಕೆರೆ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸಣ್ಣ ಫ್ಯಾಬ್ರಿಕೇಶನ್ ಶೆಡ್ಡು. ರೋಲಿಂಗ್ ಕೆಲಸನ (ಶೀಟನ್ನ ರೋಲರುಗಳ ನಡುವೆ ಬಾಗಿಸಿ ದುಂಡಗೆ ಮಾಡೋದು) ಇಷ್ಟು ದಿನ ಹೊರಗೆ ಕೊಟ್ಟು ಮಾಡಿಸ್ತಿದ್ವಿ, ಈಗ ಸ್ವಂತಕ್ಕೆ ಒಂದು ಮಿಷನ್ ಹಾಕ್ಕೋಬೇಕು ಅಂತ ಇದೀವಿ. ಬರೋ ಕೆಲಸ ಇಷ್ಟು:

ಅಕ್ಕಿ ಗಿರಣಿ ಸೈಕ್ಲೋನು (ಗಾಳಿಯಿಂದ ಧೂಳು, ಹೊಟ್ಟು ಬೇರೆ ಮಾಡೋದು), ಗಾಳಿ ಪೈಪು: 2 ಎಂಎಂ ಎಂಎಸ್ (ಸಾದಾ ಉಕ್ಕು), ವ್ಯಾಸ 250ರಿಂದ 400. ಇದೇ ಜಾಸ್ತಿ. ಸೈಕ್ಲೋನಿನ ಕೆಳಗಿನ ಕೋನ್ ಕೂಡ ನಾವೇ ಮಾಡ್ಬೇಕು.
ಆಲೆಮನೆ ಚಿಮಣಿ: 3 ಎಂಎಂ, ವ್ಯಾಸ 450–600. ಕೊಪ್ಪರಿಗೆಯ ಸುತ್ತಿನ ಪಟ್ಟಿ: 3 ಎಂಎಂ, ಒಳವ್ಯಾಸ 2 ಮೀಟರ್, ಎತ್ತರ 400.
ಡೀಸೆಲ್ ಟ್ಯಾಂಕು, ನೀರಿನ ಟ್ಯಾಂಕು: 4 ಮತ್ತು 5 ಎಂಎಂ, ವ್ಯಾಸ 1000–1200. ತಿಂಗಳಿಗೆ ಎರಡೋ ಮೂರೋ.
ಹಾಲಿನ ಕಡೆ ಕೆಲಸ: ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) 304, 2 ಎಂಎಂ, ಅಪರೂಪಕ್ಕೆ 3.

ಕೈಯಲ್ಲಿ ಮೂರು ಕೊಟೇಶನ್ ಇದೆ.
ಎ: 3 ರೋಲ್ ಪಿರಮಿಡ್, 2000×6 (ಶೀಟಿನ ಅಗಲ × ದಪ್ಪ, ಎಂಎಂನಲ್ಲಿ), ಮೇಲಿನ ರೋಲರ್ 190, ಕೆಳಗಿನ ಎರಡರ ಸೆಂಟರ್ ಟು ಸೆಂಟರ್ 230, ಮೋಟರ್ 5 ಎಚ್‌ಪಿ.
ಬಿ: 3 ರೋಲ್ ಇನಿಶಿಯಲ್ ಪಿಂಚ್, 1550×5, ಪ್ರೀಬೆಂಡ್ (ಶೀಟಿನ ತುದಿ ಬಾಗಿಸೋ ದಪ್ಪದ ಮಿತಿ) 4, ಮೇಲಿನ ರೋಲರ್ 165, 5 ಎಚ್‌ಪಿ. ರೇಟು ಎ-ಗಿಂತ ಸ್ವಲ್ಪ ಜಾಸ್ತಿ.
ಸಿ: 4 ರೋಲ್ ಹೈಡ್ರಾಲಿಕ್, 1550×6, ಮೇಲಿನ ರೋಲರ್ 180. ಬಿ-ಯ ಎರಡೂವರೆ ಪಟ್ಟು ರೇಟು.

ಎ ಕೊಡೋರು "ಅದೇ ದುಡ್ಡಿಗೆ ಉದ್ದಾನೂ ಜಾಸ್ತಿ, ದಪ್ಪಾನೂ ಜಾಸ್ತಿ, ಇನ್ನೇನು ಬೇಕು" ಅಂತಾರೆ. ಲೆಕ್ಕ ಹಾಗೇ ಕಾಣುತ್ತೆ. ಎಲ್ಲಿ ಎಡವುತ್ತೀವಿ ಅಂತ ತಿಳಿದೋರು ಹೇಳಿ.

ಹೆಬ್ಬಾಳು ಲೇತ್

ಎಡವೋದು ಶೀಟಿನ ಎರಡು ತುದಿಯಲ್ಲಿ. ದಪ್ಪ, ಉದ್ದ ಆಮೇಲಿನ ಮಾತು.

ಪಿರಮಿಡ್‌ನಲ್ಲಿ ಕೆಳಗೆ ಎರಡು ರೋಲರ್, ನಡುವೆ ಮೇಲಿಂದ ಒಂದು. ಶೀಟ್ ಬಾಗೋದು ಮೇಲಿನ ರೋಲರ್ ಒತ್ತುವ ಗೆರೆಯಲ್ಲಿ, ಅದೂ ಎರಡೂ ಕಡೆ ಕೆಳಗಿನ ರೋಲರಿನ ಆಸರೆ ಇದ್ದಾಗ ಮಾತ್ರ. ತುದಿ ಬಂದು ಕೆಳಗಿನ ರೋಲರಿಂದ ಜಾರಿದ ಮೇಲೆ ಆಸರೆ ಇಲ್ಲ, ಬಾಗೋದಿಲ್ಲ. ಹಾಗಾಗಿ ಎರಡೂ ತುದಿಯಲ್ಲಿ ಸೆಂಟರ್ ಅಳತೆಯ ಸುಮಾರು ಅರ್ಧದಷ್ಟು ಚಪ್ಪಟೆಯಾಗೇ ಉಳಿಯುತ್ತದೆ. ಎ ಮಿಷನ್ನಿನಲ್ಲಿ 230ರ ಅರ್ಧ, ಅಂದರೆ ಒಂದೊಂದು ಕಡೆ 110 ಎಂಎಂ ಆಸುಪಾಸು.

ನಿಮ್ಮ 300 ವ್ಯಾಸದ ಪೈಪಿಗೆ ಇದನ್ನು ಹಾಕಿ ನೋಡಿ. ಶೀಟ್ ಉದ್ದ (300+2)×3.1416 = 949 ಎಂಎಂ. ಅದರಲ್ಲಿ 220 ಎಂಎಂ ಚಪ್ಪಟೆ. ಸುತ್ತಳತೆಯ ನಾಲ್ಕನೇ ಒಂದು ಭಾಗ ಹತ್ತಿರ. ಬರೋದು ಪೈಪಲ್ಲ, ಮಾವಿನಕಾಯಿ. ಇದಕ್ಕೆ ದಾರಿ ಎರಡೇ. ತುದಿಗಳನ್ನು ಮೊದಲೇ ಪ್ರೆಸ್ ಬ್ರೇಕಿನಲ್ಲೋ (ಶೀಟ್ ಮಡಚುವ ಮಿಷನ್), ದಪ್ಪ ಪೈಪಿನ ಮೇಲೆ ಇಟ್ಟು ಸುತ್ತಿಗೆಯಲ್ಲೋ ಬಾಗಿಸಿಕೊಳ್ಳೋದು. ಇಲ್ಲವೇ 220 ಎಂಎಂ ಹೆಚ್ಚಿಗೆ ಇಟ್ಟು ರೋಲ್ ಮಾಡಿ, ಚಪ್ಪಟೆ ಭಾಗ ಕತ್ತರಿಸಿ ಬಿಸಾಡೋದು. 1250 ಅಗಲದ 2 ಎಂಎಂ ಶೀಟಿನಲ್ಲಿ ಹಾಗೆ ಬಿಸಾಡುವ ತುಂಡು 4.3 ಕೆಜಿ ತೂಗುತ್ತದೆ, ಪ್ರತಿ ಪೈಪಿಗೂ. ಗ್ಯಾಸು, ಡಿಸ್ಕು, ಕೂಲಿ ಬೇರೆ.

ಇನಿಶಿಯಲ್ ಪಿಂಚ್‌ನಲ್ಲಿ ಮೇಲಿನದೂ ಕೆಳಗಿನದೂ ಶೀಟನ್ನು ಕಚ್ಚಿ ಹಿಡಿಯುತ್ತವೆ, ಹಿಂದಿನ ರೋಲರ್ ಓರೆಯಾಗಿ ಮೇಲೆ ಬಂದು ಬಾಗಿಸುತ್ತದೆ. ಕಚ್ಚಿದ ಜಾಗದಿಂದಲೇ ಬಾಗು ಶುರು. ಕ್ಯಾಟಲಾಗಿನಲ್ಲಿ ಚಪ್ಪಟೆ ತುದಿ ದಪ್ಪದ ಒಂದೂವರೆಯಿಂದ ಎರಡು ಪಟ್ಟು ಅಂತ ಬರೆದಿರುತ್ತಾರೆ. ಇಷ್ಟು ಸಣ್ಣ ಮಿಷನ್ನಿನಲ್ಲಿ ಮೂರು ನಾಲ್ಕು ಪಟ್ಟು ಅಂತ ಇಟ್ಟುಕೊಳ್ಳಿ. ಆದರೂ 2 ಎಂಎಂಗೆ 6–8 ಎಂಎಂ ಅಷ್ಟೆ. ವೆಲ್ಡಿಂಗ್ ಆದಮೇಲೆ ಮತ್ತೊಮ್ಮೆ ರೋಲ್ ಕೊಟ್ಟರೆ ಅದೂ ಹೋಗುತ್ತದೆ.

ಎರಡನೇ ಸಂಗತಿ ಮೇಲಿನ ರೋಲರಿನ ದಪ್ಪ. ಮೇಲಿನ ರೋಲರಿನ ಒಂದೂವರೆ ಪಟ್ಟಿಗಿಂತ ಸಣ್ಣ ವ್ಯಾಸ ಬರೋಲ್ಲ ಅಂತ ಒಂದು ಅಂದಾಜು ಇದೆ. ಅದು ಬಂದಿರೋದು ಸ್ಪ್ರಿಂಗ್‌ಬ್ಯಾಕ್‌ನಿಂದ. ರೋಲರ್ ಬಿಟ್ಟ ಕೂಡಲೇ ಶೀಟು ಬಿಚ್ಚಿಕೊಳ್ಳುತ್ತದೆ, ಆದ್ದರಿಂದ ಒಳಗಿರುವಾಗ ಬೇಕಾದ್ದಕ್ಕಿಂತ ಬಿಗಿಯಾಗಿ ಬಾಗಿಸಬೇಕು. ಎಷ್ಟು ಬಿಗಿ ಅನ್ನೋದಕ್ಕೆ ಲೆಕ್ಕ ಇದೆ. 1ನ್ನು ತ್ರಿಜ್ಯದಿಂದ ಭಾಗಿಸಿದರೆ ಬಾಗು. ಬೇಕಾದ ಬಾಗಿಗೆ, 3 × ಯೀಲ್ಡ್ ÷ (2,00,000 × ದಪ್ಪ) ಸೇರಿಸಿ. ಯೀಲ್ಡ್ ಅಂದರೆ ಲೋಹ ವಾಪಸ್ ಬರದಂತೆ ಬಾಗೋಕೆ ಶುರುವಾಗುವ ಒತ್ತಡ, 2,00,000 ಉಕ್ಕಿನ ಬಿಗಿತದ ಅಂಕಿ, ಎರಡೂ ಚದರ ಎಂಎಂಗೆ ನ್ಯೂಟನ್ ಲೆಕ್ಕದಲ್ಲಿ. ಮಾರ್ಕೆಟ್ಟಿನ ಎಂಎಸ್‌ಗೆ ಯೀಲ್ಡ್ 300 ಅಂತ ಹಿಡಿದರೆ ನಿಮ್ಮ ಕೆಲಸಗಳಿಗೆ ರೋಲರ್ ಒಳಗೆ ಇರಬೇಕಾದ ವ್ಯಾಸ ಅಂದಾಜು ಹೀಗೆ ಬರುತ್ತದೆ:

2 ಎಂಎಂ, 300 ಬೇಕಾದರೆ 225ಕ್ಕೆ ಬಾಗಿಸಬೇಕು.
2 ಎಂಎಂ, 250 ಬೇಕಾದರೆ 195ಕ್ಕೆ.
5 ಎಂಎಂ, 1000 ಬೇಕಾದರೆ 690ಕ್ಕೆ.
3 ಎಂಎಂ, 2000 ಬೇಕಾದರೆ 800ಕ್ಕೆ!

ಕೊನೆಯದು ತಪ್ಪಾಗಿ ಬರೆದದ್ದಲ್ಲ. ದೊಡ್ಡ ವ್ಯಾಸ, ತೆಳು ಶೀಟ್ ಇದ್ದಷ್ಟೂ ವಾಪಸ್ ಬಿಚ್ಚಿಕೊಳ್ಳೋದು ಜಾಸ್ತಿ. ಈಗ 250ರ ಪೈಪು ನೋಡಿ. ಒಳಗೆ 195 ಆಗಬೇಕು, ಎ-ಯ ರೋಲರೇ 190. ಶೀಟು ಪೂರ್ತಿ ರೋಲರಿಗೇ ಅಂಟಿಕೊಂಡಂತೆ ಸುತ್ತಬೇಕು, ಪಿರಮಿಡ್ ಅಷ್ಟು ಒತ್ತೋದಿಲ್ಲ. ಬಿ-ಯಲ್ಲಿ 165, ಇನ್ನೂ 30 ಎಂಎಂ ಜಾಗ ಇದೆ. ನಿಮ್ಮ ಕೆಲಸದ ಪಟ್ಟಿಯಲ್ಲಿ ಮೊದಲ ಸಾಲು ಸೈಕ್ಲೋನ್ ಆಗಿದ್ದರೆ ಎ ಕೊಟೇಶನ್ ಮಡಚಿಡಿ.

ಗೇಜ್ 16

ಪಿರಮಿಡ್ಡನ್ನ ಪೂರ್ತಿ ತೆಗೆದು ಹಾಕ್ಬೇಡಿ ಕಣಣ್ಣ. ಬರೀ ಟ್ಯಾಂಕು, ಟ್ರ್ಯಾಕ್ಟರ್ ಟ್ಯಾಂಕರು ಮಾಡೋನಿಗೆ ಅದಕ್ಕಿಂತ ಗಟ್ಟಿ ಮಿಷನ್ ಇಲ್ಲ. ಭಾಗ ಕಮ್ಮಿ, ಕೆಡೋದು ಕಮ್ಮಿ, ಆ್ಯಂಗಲ್ಲು ಫ್ಲ್ಯಾಟು ಕೂಡ ಹಾಕ್ತಾರೆ. 1200 ವ್ಯಾಸಕ್ಕೆ ತುದಿ 110 ಚಪ್ಪಟೆ ಇದ್ರೆ ಪ್ರೆಸ್ಸಲ್ಲಿ ಮೂರು ಏಟು ಕೊಟ್ರೆ ಮುಗೀತು. ಆದ್ರೆ ಈ ಅಣ್ಣನ ಕೆಲ್ಸ ಅದಲ್ಲ, 2 ಎಂಎಂ ಜಾಸ್ತಿ. ಪಿರಮಿಡ್‌ನಲ್ಲಿ ತೆಳು ಶೀಟಿಗೆ ಇನ್ನೊಂದು ತೊಂದ್ರೆ ಅಂದ್ರೆ ಜಾರೋದು. ಕೆಳಗಿನ ಎರಡು ರೋಲರ್ ತಾನೇ ಎಳೀಬೇಕು, ಶೀಟಲ್ಲಿ ಎಣ್ಣೆ ಇದ್ರೆ ರೋಲರ್ ತಿರುಗ್ತಾ ಇರುತ್ತೆ, ಶೀಟು ನಿಂತಿರುತ್ತೆ. ಕೈ ಹಾಕಿ ದಬ್ಬೋಕೆ ಹೋಗ್ತಾರೆ, ಅಲ್ಲೇ ಬೆರಳು ಹೋಗೋದು.

ಸಿ ಬಗ್ಗೆ: 4 ರೋಲ್‌ನಲ್ಲಿ ಶೀಟ್ ಒಂದ್ಸಲ ಕೊಟ್ರೆ ಎರಡೂ ತುದಿ ಬಾಗಿಸಿ, ರೌಂಡ್ ಮಾಡಿ ಕೊಡುತ್ತೆ. ಪಿಂಚ್‌ನಲ್ಲಿ ಒಂದು ತುದಿ ಬಾಗಿಸಿ, ಹೊರಗೆ ತೆಗ್ದು, ತಿರುಗಿಸಿ, ಇನ್ನೊಂದು ತುದಿ ಬಾಗಿಸ್ಬೇಕು. 1250×2500ರ 5 ಎಂಎಂ ಶೀಟ್ ಪೂರ್ತಿ ಆದ್ರೆ 122 ಕೆಜಿ, ತಿರುಗಿಸೋಕೆ ಮೂರು ಜನ ಬೇಕು ಅಥವಾ ಚೈನ್ ಪುಲ್ಲಿ. ಒಂದೇ ಅಳತೆ ದಿನಕ್ಕೆ ಮೂವತ್ತು ನಲವತ್ತು ಹೊಡೆಯೋನಿಗೆ 4 ರೋಲ್ ದುಡ್ಡು ವಾಪಸ್ ಬರುತ್ತೆ. ಬಂದ ಕೆಲ್ಸ ಬಂದಂಗೆ ಮಾಡೋ ಶೆಡ್ಡಿಗೆ ಬರಲ್ಲ.

ಜೊತೆಗೆ ಒಂದು ಕೈ ರೋಲರ್ ಇಟ್ಕಳಿ, 1250×1.6, ರೋಲರ್ 75 ಎಂಎಂದು. 18 ಗೇಜು, 20 ಗೇಜು ಜಿಐ ಪೈಪು 120–150 ವ್ಯಾಸಕ್ಕೆ ಅದ್ರಲ್ಲೇ ಸಲೀಸು. ದೊಡ್ಡ ಮಿಷನ್ನಿಗೆ ತೆಳು ಶೀಟು ಹಾಕಿದ್ರೆ ಡಮರುಗ ಬರುತ್ತೆ.

ತೂಬಿನಕೆರೆ ಶೆಡ್

ಡಮರುಗ ಅಂದ್ರೆ? ಮಧ್ಯೆ ಸಣ್ಣ ಆಗೋದಾ? ಹೊರಗೆ ಮಾಡಿಸಿದಾಗ ಚಿಮಣಿ ಪೀಸುಗಳು ಕೆಲವು ಮಧ್ಯೆ ಉಬ್ಬಿ ಬಂದಿದ್ವು, ಎರಡು ಪೀಸ್ ಜೋಡಿಸಿದರೆ ಸೀಮ್ ಮಧ್ಯೆ ಬಾಯಿ ಬಿಡ್ತಿತ್ತು. ಇದಕ್ಕೇನು ಕಾರಣ? ಮತ್ತೆ ಬಿ-ಯಲ್ಲಿ 5 ಎಂಎಂ ಟ್ಯಾಂಕು, 3 ಎಂಎಂ ಎಸ್‌ಎಸ್ ಎರಡೂ ಆಗುತ್ತಾ? ಪ್ರೀಬೆಂಡ್ 4 ಅಂತ ಬರೆದಿದ್ದಾರೆ, ಅದೇ ಯೋಚನೆ.

ಹೆಬ್ಬಾಳು ಲೇತ್

ಉಬ್ಬೋದು, ಸೊರಗೋದು ಎರಡಕ್ಕೂ ಮೂಲ ಒಂದೇ. ರೋಲರನ್ನು ಎರಡು ತುದಿಯಲ್ಲಿ ಬುಷ್ ಹಿಡಿದಿರುತ್ತದೆ, ನಡುವೆ ಆಸರೆ ಇಲ್ಲ. ದಪ್ಪ ಶೀಟ್ ಹಾಕಿದಾಗ ರೋಲರೇ ನಡುವೆ ಕೂದಲೆಳೆಯಷ್ಟು ಬಿಲ್ಲಾಗುತ್ತದೆ. ಅಲ್ಲಿ ಶೀಟಿಗೆ ಒತ್ತು ಕಮ್ಮಿ, ಬಾಗು ಕಮ್ಮಿ, ವ್ಯಾಸ ಜಾಸ್ತಿ. ಪೀಸು ಮೃದಂಗದ ಹಾಗೆ ನಡು ಉಬ್ಬುತ್ತದೆ. ಅದನ್ನು ತಪ್ಪಿಸೋಕೆ ರೋಲರನ್ನು ಗ್ರೈಂಡ್ ಮಾಡುವಾಗಲೇ ನಡುವೆ ಸ್ವಲ್ಪ ದಪ್ಪ ಬಿಡುತ್ತಾರೆ, ಅದಕ್ಕೆ ಕ್ಯಾಂಬರ್ ಅಂತಾರೆ. ಕ್ಯಾಂಬರ್ ಯಾವುದೋ ಒಂದು ದಪ್ಪಕ್ಕೆ ಮಾತ್ರ ಸರಿಹೊಂದುತ್ತದೆ. ತೆಳು ಶೀಟಿಗೆ ರೋಲರ್ ಬಿಲ್ಲಾಗೋದಿಲ್ಲ, ಕ್ಯಾಂಬರ್ ಹಾಗೇ ಉಳಿದು ನಡುವೆ ಜಾಸ್ತಿ ಒತ್ತುತ್ತದೆ, ಡಮರುಗ ಬರುತ್ತದೆ.

ಹಾಗಾಗಿ ಆರ್ಡರ್ ಕೊಡುವ ಮುಂಚೆ "ಕ್ಯಾಂಬರ್ ಯಾವ ದಪ್ಪಕ್ಕೆ ಕೊಟ್ಟಿದ್ದೀರಿ" ಅಂತ ಕೇಳಿ. ನಿಮಗೆ 2–3 ಎಂಎಂ ಜಾಸ್ತಿ ಆದ್ದರಿಂದ 3 ಎಂಎಂ ಲೆಕ್ಕಕ್ಕೆ ಮಾಡಿಸಿಕೊಳ್ಳಿ. 5 ಎಂಎಂ ಹಾಕಿದಾಗ ಸ್ವಲ್ಪ ಉಬ್ಬು ಬಂದರೆ ಮೇಲಿನ ರೋಲರಿಗೂ ಶೀಟಿಗೂ ನಡುವೆ, ಮಧ್ಯದ ಒಂದಡಿ ಜಾಗದಲ್ಲಿ, 0.5 ಎಂಎಂ ಶೀಟಿನ ಪಟ್ಟಿ ಕೊಟ್ಟು ಕೊನೆಯ ಪಾಸ್ ಓಡಿಸಿದರೆ ಸರಿಹೋಗುತ್ತದೆ. ಒಂದು ತುದಿ ಮಾತ್ರ ಸಣ್ಣದಾಗಿ, ಇನ್ನೊಂದು ದೊಡ್ಡದಾಗಿ ಬಂದರೆ ಅದು ಕ್ಯಾಂಬರ್ ಅಲ್ಲ, ಹಿಂದಿನ ರೋಲರ್ ಒಂದು ಕಡೆ ಮೇಲೆ ನಿಂತಿದೆ. ಅಂಚು ಮೆಟ್ಟಿಲಿನ ಹಾಗೆ ಮುಂದೆ ಹಿಂದೆ ಬಂದರೆ ಶೀಟ್ ಚೌಕ ಇಲ್ಲ, ಇಲ್ಲವೇ ಸೊಟ್ಟಗೆ ಕೊಟ್ಟಿದ್ದೀರಿ. ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆದು 1 ಎಂಎಂ ಒಳಗೆ ಇರಬೇಕು. ಕೊಡುವಾಗ ಶೀಟಿನ ಅಂಚನ್ನು ಹಿಂದಿನ ರೋಲರಿಗೆ ಉದ್ದಕ್ಕೂ ತಾಗಿಸಿ ನೇರ ಮಾಡಿಕೊಂಡು ಆಮೇಲೆ ಪಿಂಚ್ ಬಿಗಿ ಮಾಡಿ.

ಈಗ ದಪ್ಪದ ಲೆಕ್ಕ. ಮಿಷನ್ನಿನ ಮೇಲೆ ಬೀಳುವ ಭಾರ ಯೀಲ್ಡ್ × ಅಗಲ × ದಪ್ಪದ ವರ್ಗ. 1550×5 ಅಂತ ಬರೆದವರು ಐಎಸ್ 2062 ಇ250 ಪ್ಲೇಟಿನ ಕನಿಷ್ಠ ಯೀಲ್ಡ್ 250 ಹಿಡಿದಿದ್ದರೆ: 250×1550×25, ಅಂದಾಜು 97 ಲಕ್ಷ. ಇದು ಮಿಷನ್ನಿನ ಮಿತಿ.

ನಿಮ್ಮ 3 ಎಂಎಂ ಎಸ್‌ಎಸ್ 1250 ಅಗಲಕ್ಕೆ, ಬಾಗುತ್ತಾ ಗಟ್ಟಿಯಾಗುತ್ತದೆ ಅಂತ 400 ಹಿಡಿದರೂ 400×1250×9 = 45 ಲಕ್ಷ. ಆರಾಮ.
5 ಎಂಎಂ ಎಂಎಸ್ 1500 ಅಗಲಕ್ಕೆ, ನಿಜವಾದ ಪ್ಲೇಟಿನ ಯೀಲ್ಡ್ 320 ಇದ್ದರೆ 320×1500×25 = 120 ಲಕ್ಷ. ಮಿತಿ ಮೀರಿತು.
ಅದೇ 5 ಎಂಎಂ 1250 ಅಗಲಕ್ಕೆ 100 ಲಕ್ಷ. ಮಿತಿಗಿಂತ ಸ್ವಲ್ಪ ಮೇಲೇ, ಅಂಚಿನ ಮೇಲೆ ನಡೆದ ಹಾಗೆ.

ಇ250 ಅಂದರೆ ಕನಿಷ್ಠ 250. ಬರೋ ಪ್ಲೇಟು ಹೆಚ್ಚಾಗಿ ಅದಕ್ಕಿಂತ ಗಟ್ಟಿಯಾಗೇ ಇರುತ್ತದೆ, ಟೆಸ್ಟ್ ಸರ್ಟಿಫಿಕೇಟ್ ನೋಡಿದರೆ ಗೊತ್ತಾಗುತ್ತದೆ. ಇ350 ಪ್ಲೇಟು ಯಾರಾದರೂ ತಂದುಕೊಟ್ಟರೆ 5 ಎಂಎಂ ಮುಟ್ಟಲೇಬೇಡಿ. 5 ಎಂಎಂ ಟ್ಯಾಂಕಿಗೆ 1250 ಅಗಲದ ಪ್ಲೇಟನ್ನೇ ತಗೊಳ್ಳಿ, ಒಂದೇ ಸಲ ಬಿಗಿ ಮಾಡದೆ ಐದಾರು ಪಾಸಿನಲ್ಲಿ ಮಾಡಿ. ಪ್ರೀಬೆಂಡ್ 4 ಅಂದಿರೋದರಿಂದ 5 ಎಂಎಂ ತುದಿಯಲ್ಲಿ 20–25 ಎಂಎಂ ಚಪ್ಪಟೆ ಉಳಿಯಬಹುದು. 1000 ವ್ಯಾಸದಲ್ಲಿ ಅದು ಕಣ್ಣಿಗೆ ಬೀಳೋದು ಕಷ್ಟ. ಸೀಮ್ ವೆಲ್ಡ್ ಮಾಡಿ, ಬೀಡ್ (ವೆಲ್ಡಿಂಗಿನ ಉಬ್ಬು) ಒಳಗೂ ಹೊರಗೂ ಪೂರ್ತಿ ಗ್ರೈಂಡ್ ಮಾಡಿ, ಇನ್ನೆರಡು ಸುತ್ತು ಓಡಿಸಿ.

"ಹಾಗಾದರೆ 1550×6 ತಗೊಳ್ಳೋಣ" ಅನಿಸುತ್ತದೆ. ತಗೊಂಡರೆ ರೋಲರ್ 180ಕ್ಕೆ ಹೋಗುತ್ತದೆ, 250ರ ಪೈಪು ಕೈ ತಪ್ಪುತ್ತದೆ. ತಿಂಗಳಿಗೆ ಎರಡು ಮೂರು ಟ್ಯಾಂಕಿಗೋಸ್ಕರ ದಿನದ ಕೆಲಸ ಬಿಡೋದು ಬೇಡ ಅಂತ ನನ್ನ ಅಭಿಪ್ರಾಯ.

ಕೋನ್ ಕಟ್ಟಿಂಗ್

ಕೋನ್ ಬಗ್ಗೆ ಯಾರೂ ಹೇಳಲಿಲ್ಲ. ಮಿಷನ್ ಮಾರೋರು "ಕೋನ್ ಕೂಡ ಆಗುತ್ತೆ ಸಾರ್" ಅಂತಾರೆ, ಹಿಂದಿನ ರೋಲರ್ ಓರೆ ಮಾಡೋ ವ್ಯವಸ್ಥೆ ತೋರಿಸ್ತಾರೆ. ಆಗೋದು ನಿಜ, ಆದರೆ ಕೋನಿನ ಸಣ್ಣ ತುದಿ ರೋಲರಿನ ಹೊರಗೆ ಕೂರಬೇಕಲ್ಲ? ಸೈಕ್ಲೋನಿನ ಕೋನು ಮೇಲೆ 400, ಕೆಳಗೆ 150 ಅಂತ ಇಟ್ಟುಕೊಳ್ಳಿ. 165ರ ರೋಲರಿನ ಸುತ್ತ 150ರ ತುದಿ ಹೇಗೆ ಬರುತ್ತೆ? ಎ, ಬಿ, ಸಿ ಯಾವುದರಲ್ಲೂ ಬರಲ್ಲ.

ಅಂಥದ್ದನ್ನ ಪ್ರೆಸ್ ಬ್ರೇಕಿನಲ್ಲಿ ಗೆರೆ ಹಾಕಿ ಮಾಡಬೇಕು. ಎತ್ತರ 600 ಆದರೆ ಲೆಕ್ಕ: ತ್ರಿಜ್ಯಗಳ ವ್ಯತ್ಯಾಸ 200−75 = 125. ಓರೆ ಉದ್ದ 125ರ ವರ್ಗ, 600ರ ವರ್ಗ ಕೂಡಿ ವರ್ಗಮೂಲ, 613. ಶೀಟಿನ ಮೇಲೆ ಹೊರಗಿನ ಕಂಪಾಸ್ ತ್ರಿಜ್ಯ 200×613÷125 = 981, ಒಳಗಿನದು 75×613÷125 = 368. ತೆರೆಯುವ ಕೋನ 360×125÷613 = 73.4 ಡಿಗ್ರಿ. ಈ ಅಳತೆಗಳೆಲ್ಲ ಶೀಟಿನ ದಪ್ಪದ ನಡುವಿನವು, ಒಳ ಅಳತೆ ಕೊಟ್ಟಿದ್ದರೆ ವ್ಯಾಸಕ್ಕೆ 2 ಎಂಎಂ ಸೇರಿಸಿ ಶುರು ಮಾಡಿ.

ಕತ್ತರಿಸಿದ ಮೇಲೆ ಹೊರ ಕಮಾನನ್ನೂ ಒಳ ಕಮಾನನ್ನೂ 36 ಭಾಗ ಮಾಡಿ ಗೆರೆ ಜೋಡಿಸಿ. ದೊಡ್ಡ ತುದಿಯಲ್ಲಿ 35 ಎಂಎಂಗೆ ಒಂದು, ಸಣ್ಣ ತುದಿಯಲ್ಲಿ 13 ಎಂಎಂಗೆ ಒಂದು ಗೆರೆ ಬೀಳುತ್ತೆ. ಒಂದೊಂದು ಗೆರೆಗೂ 10 ಡಿಗ್ರಿ ಮಡಿಕೆ. ಇಡೀ ಕೋನ್ ಒಂದೇ ತುಂಡಲ್ಲಿ ಮಾಡಿದರೆ ಕೊನೆಗೆ ಪಂಚ್ ಒಳಗೇ ಸಿಕ್ಕಿಕೊಳ್ಳುತ್ತೆ, ಅದಕ್ಕೇ ಎರಡು ಅರ್ಧ ಮಾಡಿ ಎರಡು ಸೀಮ್ ಹಾಕೋದು. ಎರಡೂ ತುದಿಯಿಂದ ಶುರು ಮಾಡಿ ನಡುವಿಗೆ ಬನ್ನಿ.

ಸಣ್ಣ ತುದಿ 300 ಮೇಲೆ ಇರೋ ಹಾಪರ್ ಕೋನು ಮಾತ್ರ ರೋಲಿಂಗ್‌ಗೆ ಕೊಡಿ, ಅದೂ ದಪ್ಪ ಮಿಷನ್ ಮಿತಿಯ ಅರ್ಧ. ಸಣ್ಣ ತುದಿ ನಿಧಾನ, ದೊಡ್ಡ ತುದಿ ಬೇಗ ಹೋಗಬೇಕಾದ್ದರಿಂದ ಸಣ್ಣ ತುದಿ ಕಡೆ ಫ್ರೇಮಿಗೆ ಒಂದು ಗಟ್ಟಿ ಗೂಟ ಇರಬೇಕು, ಶೀಟು ಅದಕ್ಕೆ ಉಜ್ಜಿಕೊಂಡು ತಡೆಯುತ್ತೆ. ಅದಕ್ಕೆ ಗ್ರೀಸ್ ಹಚ್ಚಿ, ಇಲ್ಲದಿದ್ದರೆ ಅಂಚು ಕಿತ್ತುಕೊಂಡು ಬರುತ್ತೆ.

ಮೂರು ಫೇಸ್

ಕರೆಂಟಿನ ಕಡೆ. 5 ಎಚ್‌ಪಿ ಅಂದ್ರೆ 3.7 ಕಿಲೋವ್ಯಾಟ್, 415 ವೋಲ್ಟಿಗೆ ಪೂರ್ತಿ ಲೋಡಲ್ಲಿ 7.5 ಆಂಪ್ ಹತ್ತಿರ. ಓವರ್‌ಲೋಡ್ ರಿಲೇ ಮೋಟರ್ ಪ್ಲೇಟಿನ ಮೇಲಿರೋ ಆಂಪಿಗೇ ಇಡಿ. ಟ್ರಿಪ್ ಆಗುತ್ತೆ ಅಂತ 10ಕ್ಕೆ ತಿರುಗಿಸಿಬಿಟ್ರೆ ರಿವೈಂಡಿಂಗ್ ಅಂಗಡಿ ದಾರಿ ಹಿಡೀಬೇಕು. ರೋಲಿಂಗ್‌ನಲ್ಲಿ ಟ್ರಿಪ್ ಆಗ್ತಿದೆ ಅಂದ್ರೆ ಹೆಚ್ಚಾಗಿ ಒಂದೇ ಪಾಸಲ್ಲಿ ಜಾಸ್ತಿ ಬಿಗಿ ಮಾಡಿದೀರಿ ಅಂತ ಅರ್ಥ. ಸಿಂಗಲ್ ಫೇಸ್ ಪ್ರಿವೆಂಟರ್ (ಒಂದು ಫೇಸ್ ಹೋದ್ರೆ ಮೋಟರ್ ನಿಲ್ಸೋದು) ಕಡ್ಡಾಯ. ಸೆಸ್ಕ್ (ಕರೆಂಟ್ ಕಂಪನಿ) ಮಂಜೂರು ಲೋಡಲ್ಲಿ ವೆಲ್ಡಿಂಗ್ ಸೆಟ್ಟು, ಕಟರ್ರು ಎಲ್ಲಾ ಕೂಡಿ ಇದಕ್ಕೂ ಜಾಗ ಇದೆಯಾ ನೋಡ್ಕೊಳಿ, ಇಲ್ಲದಿದ್ರೆ ಮೊದ್ಲೇ ಅರ್ಜಿ ಹಾಕಿ. ಮೋಟರ್ ಬಾಡಿಗೆ ಎರಡು ಬೇರೆ ಬೇರೆ ಅರ್ತಿಂಗ್.

ಮುಂದೆ ಹಿಂದೆ ತಿರುಗಿಸೋ ಸ್ವಿಚ್ಚು ಡ್ರಮ್ ಸ್ವಿಚ್ ಇದ್ರೆ ತೆಗೆಸಿ, ಇಂಟರ್‌ಲಾಕ್ ಇರೋ ಎರಡು ಕಾಂಟ್ಯಾಕ್ಟರ್ ಹಾಕಿಸಿ, ಕಾಲಲ್ಲಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಓಡೋ ಪೆಡಲ್ ಕೇಳಿ. ಕಾಲು ತೆಗೆದ ಕ್ಷಣ ನಿಲ್ಬೇಕು, ಅದಕ್ಕೆ ಮೋಟರಿಗೆ ಬ್ರೇಕ್ ಇರಬೇಕು. ಮುಂದೆ, ಹಿಂದೆ ಎರಡೂ ಕಡೆ ಸೊಂಟದ ಎತ್ತರಕ್ಕೆ ಎಮರ್ಜೆನ್ಸಿ ಹಗ್ಗ. ನಿಲ್ಲೋ ಮುಂಚೆ ಉಲ್ಟಾ ಕೊಟ್ರೆ ಗೇರ್‌ಬಾಕ್ಸಿನ ಕಂಚಿನ ಚಕ್ರ ಹಲ್ಲು ಕಳ್ಕೊಳುತ್ತೆ. ಮತ್ತೊಂದು, ರೋಲಿಂಗ್ ಮಾಡೋವಾಗ ಕೈಗವಸು ಹಾಕ್ಬಾರ್ದು. ಶೀಟ್ ಎತ್ತುವಾಗ ಹಾಕ್ಕೊಳಿ, ರೋಲರ್ ಓಡೋವಾಗ ಬಿಚ್ಚಿಡಿ. ಬಟ್ಟೆ ಗ್ಲೌಸಿನ ಒಂದು ಎಳೆ ಸಾಕು, ಕೈ ಪೂರ್ತಿ ಒಳಗೆ ಹೋಗೋಕೆ.

ಜಾಗ: ಮುಂದೆ, ಹಿಂದೆ ತಲಾ 2.5 ಮೀಟರ್. ಮೇಲಿನ ರೋಲರ್ ಬಿಚ್ಚೋ ತುದಿ ಕಡೆ ರೋಲರ್ ಉದ್ದದಷ್ಟು, ಅಂದ್ರೆ 1.6 ಮೀಟರ್ ಖಾಲಿ ಬಿಡಿ. ಪೂರ್ತಿ ಸುತ್ತಿದ ಪೈಪು ಆ ಕಡೆಯಿಂದ್ಲೇ ಎಳೆದು ತೆಗೀಬೇಕು. ಗೋಡೆಗೆ ಅಂಟಿಸಿ ಇಟ್ಟು ಆಮೇಲೆ ಫೌಂಡೇಶನ್ ಬೋಲ್ಟ್ ಕೀಳೋರನ್ನ ನೋಡ್ತಾನೇ ಇರ್ತೀವಿ.

ಗೇಜ್ 16

ಕೊಪ್ಪರಿಗೆ ಪಟ್ಟಿ ಬಗ್ಗೆ ಒಂದು ಮಾತು. ಒಳವ್ಯಾಸ 2000, 3 ಎಂಎಂ ಆದ್ರೆ ಉದ್ದ 2003×3.1416 = 6293. ಎಚ್‌ಆರ್ (ಹಾಟ್ ರೋಲ್ಡ್) ಪ್ಲೇಟು 6300×1500 ಬರುತ್ತಲ್ಲ, 7 ಎಂಎಂ ಮಾತ್ರ ಮಿಕ್ಕಿ ಒಂದೇ ಸೀಮಲ್ಲಿ ಮುಗೀತದೆ. 1500 ಅಗಲದಲ್ಲಿ 400ರ ಪಟ್ಟಿ ಮೂರು. ಒಂದು ಪಟ್ಟಿ 59 ಕೆಜಿ.

ಬಾಗಿಸೋದು ಕಷ್ಟ ಅಲ್ಲ, ಬಾಗಿದ್ದನ್ನ ಹಿಡ್ಕಳೋದು ಕಷ್ಟ. ಅರ್ಧ ಸುತ್ತು ಬಂದ ಮೇಲೆ ಪಟ್ಟಿ ತಲೆ ಮೇಲಕ್ಕೆ ಹೋಗಿ ತನ್ನ ಭಾರಕ್ಕೇ ಹಿಂದಕ್ಕೆ ಬಾಗಿ ಬೀಳುತ್ತೆ, ಬಿದ್ದ ಜಾಗದಲ್ಲಿ ಮಡಿಕೆ. ಮೇಲಿಂದ ಚೈನ್ ಪುಲ್ಲಿಗೆ ಬೆಲ್ಟ್ ಕಟ್ಟಿ ಅದ್ರ ಭಾರ ತಗೋಬೇಕು, ರೋಲ್ ಮುಂದೆ ಹೋದಂಗೆ ಒಬ್ಬ ಚೈನ್ ಎಳೀತಾ ಇರ್ಬೇಕು. ಮಿಷನ್ ಮೇಲೆ ಛಾವಣಿ ಎತ್ತರ, ಬೀಮು ಎಲ್ಲಿದೆ ಅಂತ ನೋಡೇ ಮಿಷನ್ ಇಡಿ. ಹೆಬ್ಬಾಳು ಅಣ್ಣ ಹೇಳ್ದಂಗೆ 800ಕ್ಕೆ ಬಾಗಿಸ್ಬೇಕು ಅಂತ ಒಂದೇ ಸಲ ಒತ್ಬೇಡಿ. ಒಂದಡಿ ಉದ್ದದ ಶೀಟಲ್ಲಿ 1000 ತ್ರಿಜ್ಯದ ಟೆಂಪ್ಲೇಟ್ ಕತ್ತರಿಸಿ ಇಟ್ಕಂಡು, ಪ್ರತಿ ಪಾಸಿಗೂ ಪಟ್ಟಿನ ಸಡ್ಲ ಬಿಟ್ಟು ಒಳಗಡೆ ಇಟ್ಟು ನೋಡಿ. ರೋಲರಲ್ಲಿ ಕಚ್ಕಂಡಿರೋವಾಗ ಟೆಂಪ್ಲೇಟ್ ಹಿಡಿದ್ರೆ ಸುಳ್ಳು ಹೇಳುತ್ತೆ. ಜಾಸ್ತಿ ಬಾಗಿದ್ದನ್ನ ಬಿಚ್ಚೋದು ಕಮ್ಮಿ ಬಾಗಿದ್ದನ್ನ ಬಾಗಿಸೋದ್ರ ಹತ್ತು ಪಟ್ಟು ಕೆಲ್ಸ.

ತೂಬಿನಕೆರೆ ಶೆಡ್

ಬಿ-ಗೆ ಮನಸ್ಸು ಮಾಡಿದೀವಿ. ಹೋಗಿ ನೋಡಿ ಅಡ್ವಾನ್ಸ್ ಕೊಡೋ ಮುಂಚೆ ಏನೇನು ಪರೀಕ್ಷೆ ಮಾಡ್ಬೇಕು? ಹಳೇ ಮಿಷನ್ ಒಂದು ಮೈಸೂರಲ್ಲಿ ಅರ್ಧ ರೇಟಿಗೆ ಇದೆ ಅಂತಾನೂ ಹೇಳ್ತಿದಾರೆ, ಅದೂ ಪಿಂಚ್ ಟೈಪೇ.

ಹೆಬ್ಬಾಳು ಲೇತ್

ಹೊಸದಕ್ಕೆ: ನಿಮ್ಮದೇ ಎರಡು ಶೀಟು ತಗೊಂಡು ಹೋಗಿ. ರಾಜಕೋಟ್, ಬಟಾಲ ಕಡೆಯ ಮಿಷನ್ ಆದರೆ ಅಲ್ಲೇ ನಿಮ್ಮ ಅಳತೆಯ ಶೀಟು ಕೊಳ್ಳಿಸಿ, ವಿಡಿಯೋದಲ್ಲಿ ಅಳತೆ ಟೇಪು ಕಾಣಿಸುವ ಹಾಗೆ ತೋರಿಸಲು ಹೇಳಿ. ಒಂದು, 2 ಎಂಎಂ 1250 ಅಗಲ, 250 ವ್ಯಾಸಕ್ಕೆ. ಎರಡು, 5 ಎಂಎಂ 1250 ಅಗಲ, 1000 ವ್ಯಾಸಕ್ಕೆ. ಎರಡನ್ನೂ ಟ್ಯಾಕ್ ಮಾಡಿ (ಅಲ್ಲಲ್ಲಿ ಚುಕ್ಕೆ ವೆಲ್ಡ್), ಎರಡು ತುದಿ ಮತ್ತು ನಡುವೆ ಸುತ್ತಳತೆ ಅಳೆಯಿರಿ. ಮೂರಕ್ಕೂ 3 ಎಂಎಂಗಿಂತ ಹೆಚ್ಚು ವ್ಯತ್ಯಾಸ ಇರಬಾರದು, ಅದು ವ್ಯಾಸದಲ್ಲಿ 1 ಎಂಎಂ ಆಗುತ್ತದೆ. ಖಾಲಿ ರೋಲರ್ ತಿರುಗಿಸಿ ತೋರಿಸುವ ವಿಡಿಯೋಗೆ ದುಡ್ಡು ಕೊಡಬೇಡಿ.

ಕೊಟೇಶನ್‌ನಲ್ಲಿ ಇವು ಬರಹದಲ್ಲಿ ಇರಲಿ: ಯಾವ ಯೀಲ್ಡ್‌ಗೆ ರೇಟಿಂಗ್; ಪ್ರೀಬೆಂಡ್ ದಪ್ಪ ಎಷ್ಟು, ಯಾವ ವ್ಯಾಸಕ್ಕೆ; ರೋಲರ್ ಯಾವ ಸ್ಟೀಲು, ಇಎನ್ 8ಓ ಇಎನ್ 19ಓ, ಹಾರ್ಡ್ ಮಾಡಿದ್ದಾರಾ; ಬುಷ್ ಯಾವ ಲೋಹ; ಮಿಷನ್ನಿನ ಒಟ್ಟು ತೂಕ. ಒಂದೇ ಸೈಜಿನ ಎರಡು ಕೊಟೇಶನ್‌ನಲ್ಲಿ ಒಂದು ಕಾಲು ಭಾಗ ಹಗುರ ಇದ್ದರೆ ಫ್ರೇಮಿನಲ್ಲಿ ಕತ್ತರಿ ಹಾಕಿದ್ದಾರೆ ಅಂತ ಅರ್ಥ. ಜಿಎಸ್‌ಟಿ 18%, ಲಾರಿ ಬಾಡಿಗೆ, ಕ್ರೇನಿನಲ್ಲಿ ಇಳಿಸೋದು, ಕೂರಿಸೋದು ಯಾರ ಲೆಕ್ಕ ಅನ್ನೋದೂ ಬರಲಿ. ಪಿಎಂಇಜಿಪಿ (ಕೇಂದ್ರ ಸರ್ಕಾರದ ಸಬ್ಸಿಡಿ ಯೋಜನೆ) ಸಾಲ ಮುಖ್ಯವಾಗಿ ಹೊಸ ಘಟಕಕ್ಕೆ, ನಡೆಯುತ್ತಿರುವ ಶೆಡ್ಡಿಗೆ ಮಿಷನ್ ಸೇರಿಸೋಕೆ ಅದನ್ನು ನಂಬಿ ಕೂರಬೇಡಿ.

ಮಳವಳ್ಳಿ ಫಿಟ್ಟರ್

ಹಳೇದಕ್ಕೆ ನಾನು ಹೇಳ್ತೀನಿ. ಪೇಂಟ್ ನೋಡ್ಬೇಡಿ. ಮೇಲಿನ ರೋಲರಿನ ತುದಿಗೆ ಡಯಲ್ ಗೇಜ್ (ಸಣ್ಣ ಅಲುಗಾಟ ತೋರ್ಸೋ ಮುಳ್ಳಿನ ಮೀಟರ್) ಇಟ್ಟು, ಹಾರೆಯಲ್ಲಿ ಮೀಟಿ ಎತ್ತಿ. ಅರ್ಧ ಎಂಎಂಗಿಂತ ಜಾಸ್ತಿ ಆಡಿದ್ರೆ ಬುಷ್ ಹೋಗಿದೆ. ಬುಷ್ ಬದಲಾಯಿಸಬಹುದು, ಆದರೆ ಬುಷ್ ಜೊತೆ ರೋಲರಿನ ಕುತ್ತಿಗೆನೂ ಸವೆದಿರುತ್ತೆ, ಅದಕ್ಕೆ ರೋಲರ್ ಬಿಚ್ಚಿ ಲೇತಿಗೆ ಹಾಕ್ಬೇಕು. ಆಮೇಲೆ ಡಯಲನ್ನ ರೋಲರ್ ನಡುವೆ ಇಟ್ಟು ನಿಧಾನ ಒಂದು ಸುತ್ತು ತಿರುಗಿಸಿ. ಮುಳ್ಳು ಅರ್ಧ ಸುತ್ತು ಮೇಲೆ, ಅರ್ಧ ಸುತ್ತು ಕೆಳಗೆ ಹೋಗ್ತಿದ್ರೆ ರೋಲರ್ ಬಗ್ಗಿದೆ, ಯಾರೋ ಮಿತಿ ಮೀರಿ ದಪ್ಪ ಹಾಕಿದಾರೆ. ಬಗ್ಗಿದ ರೋಲರ್ ಇರೋ ಮಿಷನ್ ಬಿಟ್ಟಿ ಕೊಟ್ರೂ ಬೇಡ.

ಗೇರ್‌ಬಾಕ್ಸ್ ಎಣ್ಣೆ ಒಂದು ಚಮಚ ಅಂಗೈಗೆ ಹಾಕ್ಕೊಂಡು ಬಿಸಿಲಿಗೆ ಹಿಡೀರಿ. ಚಿನ್ನದ ಪುಡಿ ಹಂಗೆ ಮಿಣಮಿಣ ಅಂದ್ರೆ ಕಂಚಿನ ವರ್ಮ್ ಚಕ್ರ ಸವೀತಿದೆ. ಹೊಸಾ ಎಣ್ಣೆ ತುಂಬಿಸಿಟ್ಟಿದ್ರೆ ಇನ್ನೂ ಅನುಮಾನ ಪಡಿ, ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿಸಿ ತಳದ್ದು ನೋಡಿ. ಬಿಚ್ಚೋ ತುದಿಯ ಪಿನ್ನು, ಫ್ರೇಮಿನ ಮೂಲೆಗಳಲ್ಲಿ ವೆಲ್ಡಿಂಗ್ ತೇಪೆ ನೋಡಿ. ಕಾಸ್ಟ್ ಐರನ್ ಫ್ರೇಮಿಗೆ ತೇಪೆ ಹಾಕಿದ್ರೆ ಅಲ್ಲಿಂದಾನೇ ವಾಪಸ್ ಬನ್ನಿ.

ರೋಲರ್ ಮೇಲೆ ಬೆರಳು ಉಗುರು ಉದ್ದಕ್ಕೆ ಎಳೆದು ನೋಡಿ. ಅಲ್ಲಲ್ಲಿ ಗುಳಿ ಸಿಕ್ಕಿದ್ರೆ ಟ್ಯಾಕ್ ಬೀಡ್ ಗ್ರೈಂಡ್ ಮಾಡ್ದೆ ಓಡ್ಸಿದಾರೆ, ಇಲ್ಲಾ ಗ್ಯಾಸ್ ಕಟಿಂಗ್ ಕಿಟ್ಟ ಬಿಡಿಸದೆ ಹಾಕಿದಾರೆ. ಎಂಎಸ್‌ಗೆ ನಡೆಯುತ್ತೆ, ಎಸ್‌ಎಸ್‌ಗೆ ಅದೇ ಗುಳಿ ಅಚ್ಚು ಹಾಕ್ದಂಗೆ ಬೀಳುತ್ತೆ, ಪ್ರತಿ ಸುತ್ತಿಗೂ.

ತೂಬಿನಕೆರೆ ಶೆಡ್

ಹಳೇದು ಬೇಡ ಅಂತ ಬಿಟ್ವಿ. ಕೊನೇ ಪ್ರಶ್ನೆ: ಎಂಎಸ್ಸೂ ಎಸ್‌ಎಸ್ಸೂ ಒಂದೇ ಮಿಷನ್ನಲ್ಲಿ ಮಾಡಿದರೆ ಎಸ್‌ಎಸ್ ಮೇಲೆ ತುಕ್ಕು ಚುಕ್ಕೆ ಬರುತ್ತಂತೆ, ನಿಜವಾ?

ಮಳವಳ್ಳಿ ಫಿಟ್ಟರ್

ನಿಜ. ಎಂಎಸ್ ಪ್ಲೇಟಿನ ಕಪ್ಪು ಸಿಪ್ಪೆ ಉದುರಿ ರೋಲರಿಗೆ ಅಂಟಿರುತ್ತೆ, ಅದನ್ನ ರೋಲರ್ ಎಸ್‌ಎಸ್ ಒಳಕ್ಕೆ ಒತ್ತುತ್ತೆ, ನೀರು ತಾಗಿದ ಮೇಲೆ ಕೆಂಪು ಚುಕ್ಕೆ. ಎಸ್‌ಎಸ್ ಕೆಲ್ಸ ಬೆಳಿಗ್ಗೆ ಮೊದಲು ಮಾಡಿ. ಮೂರೂ ರೋಲರನ್ನ ಥಿನ್ನರ್ ಬಟ್ಟೆಯಲ್ಲಿ ಬಟ್ಟೆ ಬೆಳ್ಳಗೆ ಬರೋವರೆಗೂ ಒರೆಸಿ, ಪ್ರತಿ ಸಲ ಮಿಷನ್ ಆಫ್ ಮಾಡ್ಕೊಂಡೇ ಒರೆಸೋದು, ಪೆಡಲಲ್ಲಿ ಸ್ವಲ್ಪ ತಿರುಗಿಸಿ ಮತ್ತೆ ಆಫ್. ಶೀಟಿನ ಮೇಲಿನ ಪ್ಲಾಸ್ಟಿಕ್ ಫಿಲ್ಮ್ ಕೀಳ್ಬೇಡಿ, ವೆಲ್ಡ್ ಆಗೋ ಅಂಚಲ್ಲಿ ಮಾತ್ರ ಎರಡು ಇಂಚು ಬಿಡಿಸಿ. ಒರೆಸಿದ ರೋಲರಿಗೆ ಸಂಜೆ ತೆಳ್ಳಗೆ ಎಣ್ಣೆ ಹಚ್ಚಿ ಹೋಗಿ, ಬೆಳಿಗ್ಗೆ ಶೀಟ್ ಕೊಡೋ ಮುಂಚೆ ಅದನ್ನೂ ಒರೆಸಿ.